ಸ್ಟೋರಿ ಕ್ವಿಲ್ಟ್: ಗೋಡೆಗೆ ಹತ್ತಿದ ಕೌದಿ

ಕೌದಿ ಹೊದ್ದು ಮಲಗಿದವರಿಗೆ ಕ್ವಿಲ್ಟ್ ಅಂದರೇನು ಅಂತ ಜಾಸ್ತಿ ಹೇಳಬೇಕಾಗಿಲ್ಲ. ಬಟ್ಟೆ ತುಂಡುಗಳನ್ನು ಜೋಡಿಸಿ, ನಡುವೆ ಹತ್ತಿ ಹರವಿ, ಕೆಳಗೆ ಅಸ್ತರು ಕೊಟ್ಟು ಹೊಲಿದ ಹೊದಿಕೆ ಅದು. ಸ್ಟೋರಿ ಕ್ವಿಲ್ಟ್‌ನಲ್ಲಿ ಇನ್ನೆರಡು ಸೇರುತ್ತವೆ: ಬಣ್ಣದ ಚಿತ್ರ, ಕೈಬರಹದ ಕಥೆ. ಇದನ್ನು ಹೊದೆಯುವುದಿಲ್ಲ, ಗೋಡೆಗೆ ತೂಗುಹಾಕಿ ಓದುತ್ತಾರೆ.

ಇದನ್ನು ಬೆಳೆಸಿದವರು ಫೇತ್ ರಿಂಗ್‌ಗೋಲ್ಡ್ (1930–2024). ನ್ಯೂಯಾರ್ಕಿನ ಹಾರ್ಲೆಂನಲ್ಲಿ ಹುಟ್ಟಿದ ಕಪ್ಪು ಕಲಾವಿದೆ. ಮೊದಲು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾ ಮ್ಯೂಸಿಯಂ ಎದುರು ಪ್ರತಿಭಟನೆಗೂ ಇಳಿದರು. ಅಲ್ಲಿನ ಪ್ರದರ್ಶನದಲ್ಲಿ ಅರ್ಧದಷ್ಟು ಕಲಾವಿದರು ಹೆಂಗಸರಾಗಿರಬೇಕು, ಅವರಲ್ಲಿ ಕಪ್ಪು ಹೆಂಗಸರೂ ಇರಬೇಕು ಅನ್ನುವುದು ಬೇಡಿಕೆ. 1972ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಟ್ಟೆಯ ಮೇಲೆ ಬರೆದ ಟಿಬೆಟಿನ ಥಂಕಾ ಚಿತ್ರಗಳನ್ನು ಕಂಡ ಮೇಲೆ ಅವರು ಬಟ್ಟೆಯ ಕಡೆ ಹೊರಳಿದರು. ಬಟ್ಟೆಯನ್ನು ಸುರುಳಿ ಸುತ್ತಿ ತಾವೇ ಎತ್ತಿಕೊಂಡು ಹೋಗಬಹುದಿತ್ತು.

ಇನ್ನೊಂದು ನಂಟು ಮನೆಯಲ್ಲೇ ಇತ್ತು. ಅವರ ಮುತ್ತಜ್ಜಿಯ ತಾಯಿ ಸೂಸಿ ಶ್ಯಾನನ್ ಗುಲಾಮಗಿರಿಯಲ್ಲಿದ್ದು ಒಡೆಯರಿಗಾಗಿ ಕ್ವಿಲ್ಟ್ ಹೊಲಿಯುತ್ತಿದ್ದರು. ರಿಂಗ್‌ಗೋಲ್ಡ್ ಅವರ ತಾಯಿ ವಿಲ್ಲಿ ಪೋಸಿ ಫ್ಯಾಷನ್ ಡಿಸೈನರ್. ತಾಯಿ ಮಗಳು ಸೇರಿ 1980ರಲ್ಲಿ ಮೊದಲ ಕ್ವಿಲ್ಟ್ ಮಾಡಿದರು. ಅದರ ಮರುವರ್ಷವೇ ತಾಯಿ ತೀರಿಕೊಂಡರು.

ಕಥೆ ಸೇರಿದ್ದು 1983ರಲ್ಲಿ. ಅವರ ಆತ್ಮಕಥೆಗೆ ಪ್ರಕಾಶಕರು ಸಿಕ್ಕಿರಲಿಲ್ಲ. ಬಟ್ಟೆ ಮೇಲೆ ಬರೆದರೆ ಯಾರ ಒಪ್ಪಿಗೆಯೂ ಬೇಕಿಲ್ಲ, ನೋಡಲು ಬಂದವರು ಓದಿಯೇ ಓದುತ್ತಾರೆ. ಮೊದಲ ಕಥೆಯ ನಾಯಕಿ ಆಂಟ್ ಜೆಮೈಮಾ. ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಬಿಳಿಯರಿಗೆ ಅಡುಗೆ ಮಾಡುತ್ತಾ ನಗುತ್ತಿದ್ದ ಕಪ್ಪು ಹೆಂಗಸು. ರಿಂಗ್‌ಗೋಲ್ಡ್ ಅವಳಿಗೆ ಮನೆತನ ಕೊಟ್ಟರು, ಗಂಡ ಮಕ್ಕಳನ್ನು ಕೊಟ್ಟರು, ಸ್ವಂತ ವ್ಯಾಪಾರ ಮಾಡಿ ಗೆದ್ದ ಬದುಕು ಕೊಟ್ಟರು.

1988ರ ‘ಟಾರ್ ಬೀಚ್’ ನನಗೆ ಎಲ್ಲಕ್ಕಿಂತ ಇಷ್ಟ. ಈಗ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿದೆ. ಬೇಸಿಗೆ ರಾತ್ರಿ, ಹಾರ್ಲೆಂನ ಒಂದು ಮನೆಯ ತಾರಸಿ. ದೊಡ್ಡವರು ಮೇಜಿನ ಸುತ್ತ ಕೂತಿದ್ದಾರೆ. ಎಂಟು ವರ್ಷದ ಕ್ಯಾಸಿ ತಮ್ಮನ ಜೊತೆ ಮಲಗಿದ್ದಾಳೆ. ಮೇಲೆ ನೋಡಿದರೆ ಅದೇ ಕ್ಯಾಸಿ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಹಾರುತ್ತಿದ್ದಾಳೆ! ಸುತ್ತ ಹೂವಿನ ಬಟ್ಟೆಯ ಅಂಚು, ಮೇಲೆ ಕೆಳಗೆ ಕಥೆಯ ಸಾಲುಗಳು. ಸೇತುವೆ ಕಟ್ಟಿದವರಲ್ಲಿ ಅವಳ ಅಪ್ಪನೂ ಒಬ್ಬ. ಆದರೆ ಅವನು ಕಾರ್ಮಿಕ ಸಂಘಕ್ಕೆ ಸೇರುವ ಹಾಗಿಲ್ಲ. ಅವನ ಅಪ್ಪ ಸದಸ್ಯನಾಗಿರಲಿಲ್ಲ ಅನ್ನುವುದು ಕಾರಣ. ಯಾವುದರ ಮೇಲೆ ಹಾರಿದರೂ ಅದು ತನ್ನದು ಅನ್ನುವುದು ಕ್ಯಾಸಿಯ ಲೆಕ್ಕ. ಅದಕ್ಕೇ ಅವಳು ಸಂಘದ ಕಟ್ಟಡದ ಮೇಲೂ ಹಾರಿ ಅದನ್ನು ಅಪ್ಪನದ್ದಾಗಿಸುತ್ತಾಳೆ. ಗುಲಾಮರು ರೆಕ್ಕೆ ಬಂದಂತೆ ಹಾರಿ ಆಫ್ರಿಕಕ್ಕೆ ಮರಳಿದರು ಅನ್ನುವ ಹಳೆಯ ಜನಪದ ಕಥೆ ಇದರ ಹಿಂದಿದೆ.

ಚಿತ್ರವಿರುವ ಕ್ವಿಲ್ಟ್ ಹಿಂದೆ ಇರಲಿಲ್ಲ ಅಂತಲ್ಲ. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ 19ನೇ ಶತಮಾನದಲ್ಲೇ ಬೈಬಲ್ ಕಥೆಗಳನ್ನು ಕ್ವಿಲ್ಟ್ ಮೇಲೆ ಹೊಲಿದಿದ್ದರು. ಬಡತನಕ್ಕೆ ಅಂಥ ಒಂದು ಕ್ವಿಲ್ಟನ್ನು 5 ಡಾಲರಿಗೆ ಮಾರಬೇಕಾಯಿತು. ಯಾವ ತುಂಡು ಯಾವ ಕಥೆ ಅಂತ ಅವರು ಬಾಯಲ್ಲಿ ಹೇಳಿದರು, ಬರೆದುಕೊಂಡಿದ್ದು ಕೊಂಡುಕೊಂಡ ಬಿಳಿಯ ಹೆಂಗಸು. ರಿಂಗ್‌ಗೋಲ್ಡ್ ಅವರ ಬಟ್ಟೆಯ ಮೇಲಿನ ಮಾತು ಅವರದೇ.