ರೇಡಿಯೋ ಕೈಬಿಟ್ಟ ಮೇಲೂ ಸ್ಮೂತ್ ಜಾಝ್ ವಾದಕರ ಜೀವನ ನಡೆಯುವುದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಸ್ಮೂತ್ ಜಾಝ್ (ಜಾಝ್‌ನ ಮೃದುವಾದ, ಹೆಚ್ಚಾಗಿ ವಾದ್ಯಪ್ರಧಾನವಾದ ಪ್ರಕಾರ) ಪ್ರಸಾರ ಮಾಡುತ್ತಿದ್ದ ರೇಡಿಯೋ ಕೇಂದ್ರಗಳು ಬಹುಪಾಲು ಮುಚ್ಚಿಹೋಗಿವೆ ಎಂದು ಕೇಳಿದ್ದೇನೆ. ಸಿ.ಡಿ. ಕೊಳ್ಳುವವರೂ ಈಗ ಅಪರೂಪ. ಹಾಗಿದ್ದರೂ ಡೇವ್ ಕಾಝ್, ಬೋನಿ ಜೇಮ್ಸ್ ಅವರಂಥ ಸ್ಯಾಕ್ಸೊಫೋನ್ ವಾದಕರು ಹೊಸ ಆಲ್ಬಂ ತರುತ್ತಲೇ ಇದ್ದಾರೆ, ಊರೂರು ಸುತ್ತುತ್ತಲೇ ಇದ್ದಾರೆ. ಇವರ ಸಂಪಾದನೆ ಎಲ್ಲಿಂದ ಬರುತ್ತದೆ?

ಉತ್ತರ: ರೇಡಿಯೋ ಇವರಿಗೆ ಹಣ ಕೊಡುತ್ತಿತ್ತು, ಅದು ನಿಂತಾಗ ಸಂಪಾದನೆಯೂ ನಿಂತಿರಬೇಕು ಎಂಬ ಊಹೆಯೊಂದು ನಿಮ್ಮ ಪ್ರಶ್ನೆಯ ಒಳಗೇ ಇದೆ. ವಾಸ್ತವದಲ್ಲಿ ಅಮೆರಿಕದ ಎ.ಎಂ. ಮತ್ತು ಎಫ್.ಎಂ. ಕೇಂದ್ರಗಳು ಧ್ವನಿಮುದ್ರಿಕೆಯನ್ನು ಪ್ರಸಾರ ಮಾಡಿದಾಗ ಅದರಲ್ಲಿ ನುಡಿಸಿದವರಿಗಾಗಲಿ ಹಾಡಿದವರಿಗಾಗಲಿ ಏನನ್ನೂ ಕೊಡಬೇಕಾಗಿಲ್ಲ. ಅಲ್ಲಿನ ಕಾನೂನು ಹಾಗಿದೆ. ರಾಯಲ್ಟಿ ಸಲ್ಲುವುದು ಕೃತಿಯನ್ನು ರಚಿಸಿದವರಿಗೆ ಮತ್ತು ಅದರ ಪ್ರಕಾಶಕರಿಗೆ, ಅದೂ ಅವರ ಪರವಾಗಿ ಹಣ ಸಂಗ್ರಹಿಸುವ ಆಸ್ಕ್ಯಾಪ್, ಬಿ.ಎಂ.ಐ.ಯಂಥ ಸಂಸ್ಥೆಗಳ ಮೂಲಕ. ರೇಡಿಯೋ ವಾದಕನಿಗೆ ಕೊಟ್ಟದ್ದು ಹೆಸರು. ಆ ಹೆಸರು ಹಣವಾಗುವ ದಾರಿಗಳು ಬೇರೆ ಇದ್ದವು, ಅವುಗಳಲ್ಲಿ ಹಲವು ಇಂದಿಗೂ ತೆರೆದಿವೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಈ ಸಂಗೀತದ ಹಿರಿಯರಲ್ಲೊಬ್ಬರಾದ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರದು. 1980ರಲ್ಲಿ ಬಂದ ಅವರ 'ವೈನ್‌ಲೈಟ್' ಆಲ್ಬಮ್ಮಿನ 'ಜಸ್ಟ್ ದ ಟೂ ಆಫ್ ಅಸ್' ಹಾಡು ಮರುವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಹಾಡಿದವರು ಬಿಲ್ ವಿದರ್ಸ್, ಸ್ಯಾಕ್ಸೊಫೋನ್ ನುಡಿಸಿದವರು ವಾಷಿಂಗ್ಟನ್. ಆದರೆ ಕೃತಿ ವಿದರ್ಸ್, ವಿಲಿಯಂ ಸಾಲ್ಟರ್ ಮತ್ತು ರಾಲ್ಫ್ ಮ್ಯಾಕ್‌ಡೊನಾಲ್ಡ್ ಎಂಬ ಮೂವರ ರಚನೆ. ಆದ್ದರಿಂದ ಅಮೆರಿಕದ ಯಾವುದಾದರೂ ಕೇಂದ್ರ ಆ ಹಾಡನ್ನು ಪ್ರಸಾರ ಮಾಡಿದಾಗ ಪಾಲು ಸಂದದ್ದು ಆ ಮೂವರ ಕಡೆಗೇ ಹೊರತು, ಯಾರ ಆಲ್ಬಮ್ಮೋ ಆ ವಾದಕನ ಕಡೆಗಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 1987ರಲ್ಲಿ ಅದೇ ಪಟ್ಟಿಯ ನಾಲ್ಕನೆಯ ಸ್ಥಾನ ತಲುಪಿದ 'ಸಾಂಗ್‌ಬರ್ಡ್' ಸ್ಯಾಕ್ಸೊಫೋನ್ ವಾದಕ ಕೆನ್ನಿ ಜಿ ಸ್ವತಃ ರಚಿಸಿ ನುಡಿಸಿದ ಕೃತಿ. ಎರಡೂ ಹಾಡುಗಳು ಕೇಳುಗನ ಕಿವಿಗೆ ಒಂದೇ ಬಗೆಯ ಯಶಸ್ಸಾಗಿ ತೋರಿದರೂ ವಾದಕನ ಮನೆಯ ಲೆಕ್ಕದಲ್ಲಿ ಅವುಗಳ ನಡುವೆ ಅಜಗಜಾಂತರವಿದೆ. ಜನಪ್ರಿಯ ಹಾಡುಗಳನ್ನು ಸ್ಯಾಕ್ಸೊಫೋನಿನಲ್ಲೋ ಗಿಟಾರಿನಲ್ಲೋ ಮರುನುಡಿಸುವ ಪದ್ಧತಿ ಈ ಪ್ರಕಾರದಲ್ಲಿ ಬಹಳ ಬಳಕೆಯಲ್ಲಿರುವುದರಿಂದ ಈ ಮಾತು ಇಲ್ಲಿ ಇನ್ನಷ್ಟು ಅನ್ವಯಿಸುತ್ತದೆ.

ಹಾಗಾದರೆ ರೇಡಿಯೋ ಮುಚ್ಚಿದ್ದರಿಂದ ಏನೂ ನಷ್ಟವಾಗಲಿಲ್ಲವೇ ಎಂದರೆ, ಆಯಿತು, ಅದೂ ದೊಡ್ಡ ನಷ್ಟವೇ. ಅದು ಎಂಥದೆಂದು ತಿಳಿಯಲು ಆ ಕೇಂದ್ರಗಳ ಕಥೆಯನ್ನು ಸ್ವಲ್ಪ ಹೇಳಬೇಕು.

1987ರ ಫೆಬ್ರುವರಿ 14ರಂದು ಲಾಸ್ ಏಂಜಲೀಸ್‌ನಲ್ಲಿ, ಅದುವರೆಗೆ ರಾಕ್ ಸಂಗೀತಕ್ಕೆ ಹೆಸರಾಗಿದ್ದ ಕೇಂದ್ರವೊಂದು 'ದ ವೇವ್' ಎಂಬ ಹೊಸ ಹೆಸರಿನಲ್ಲಿ ಮೃದುವಾದ ವಾದ್ಯಸಂಗೀತದ ಪ್ರಸಾರ ಆರಂಭಿಸಿತು. ಅದೇ ವರ್ಷ ಷಿಕಾಗೊದಲ್ಲಿ ಡಬ್ಲ್ಯು.ಎನ್.ಯು.ಎ., ಮರುವರ್ಷ ನ್ಯೂಯಾರ್ಕಿನಲ್ಲಿ ಸಿ.ಡಿ. 101.9 ಎಂಬ ಕೇಂದ್ರಗಳು ಇದೇ ಜಾಡು ಹಿಡಿದವು. ಸ್ಮೂತ್ ಜಾಝ್ ಎಂಬ ಹೆಸರು ಕೂಡ ಸಂಗೀತಗಾರರು ಇಟ್ಟದ್ದಲ್ಲ; ಕೇಳುಗರ ಅಭಿಪ್ರಾಯ ಸಂಗ್ರಹಿಸುವ ಸಭೆಯೊಂದರಲ್ಲಿ ಮಹಿಳೆಯೊಬ್ಬರು ಆಡಿದ ಮಾತು ಅದೆಂಬುದು ರೇಡಿಯೋ ವಲಯದಲ್ಲಿ ಪ್ರಚಲಿತವಿರುವ ಕಥೆ. ಹೀಗೆ ಬಂದ ಹೆಸರಾದ್ದರಿಂದಲೋ ಏನೋ, ಇದರ ಅಡಿಯಲ್ಲಿ ಸೇರಿಸಲ್ಪಟ್ಟ ಹಲವು ವಾದಕರಿಗೆ ಅದು ಒಗ್ಗಲೇ ಇಲ್ಲ. 2024ರ ಮೇ ತಿಂಗಳಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಡೇವಿಡ್ ಸ್ಯಾನ್‌ಬಾರ್ನ್ ಕೊನೆಯವರೆಗೂ ಆ ಹಣೆಪಟ್ಟಿಯನ್ನು ಒಪ್ಪಿಕೊಳ್ಳಲಿಲ್ಲ.

ಹಾಡಿಗೆ ಸಾಹಿತ್ಯವಿದ್ದರೆ ಅದರ ಒಂದು ಸಾಲನ್ನು ನೆನಪಿಟ್ಟುಕೊಂಡು ಅಂಗಡಿಯಲ್ಲಿ ಕೇಳಬಹುದು, ಈಗಾದರೆ ಮೊಬೈಲಿನಲ್ಲಿ ಹುಡುಕಬಹುದು. ವಾದ್ಯಸಂಗೀತಕ್ಕೆ ಆ ಅನುಕೂಲವಿಲ್ಲ. ನಮ್ಮಲ್ಲಿ ಆಕಾಶವಾಣಿಯ ಉದ್ಘೋಷಕರು ಕಛೇರಿ ಮುಗಿದೊಡನೆ ಇಂಥವರ ವೇಣುವಾದನ, ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು ಎಂದು ಹೇಳುತ್ತಿದ್ದ ಕಾರಣಕ್ಕೇ ಎಷ್ಟೋ ವಾದಕರ ಹೆಸರು ಮನೆಮನೆಗೆ ತಲುಪಿತು. ಅಮೆರಿಕದ ಈ ಕೇಂದ್ರಗಳು ಸ್ಮೂತ್ ಜಾಝ್ ವಾದಕರಿಗೆ ಮಾಡಿದ್ದು ಇದೇ ಕೆಲಸ. ಹೆಸರು ತಿಳಿದವರು ಸಿ.ಡಿ. ಕೊಂಡರು, ಟಿಕೆಟ್ ಕೊಂಡರು. ಕೇಂದ್ರಗಳೇ ಸಂಗೀತೋತ್ಸವಗಳನ್ನು ನಡೆಸಿ ಅದೇ ವಾದಕರನ್ನು ಕರೆಸಿದವು.

2007ರ ಸುಮಾರಿಗೆ ಈ ವ್ಯವಸ್ಥೆಗೆ ಪೆಟ್ಟು ಕೊಟ್ಟದ್ದು ಸಂಗೀತದ ಅಭಿರುಚಿಗಿಂತ ಹೆಚ್ಚಾಗಿ ಒಂದು ಅಳತೆಯ ಸಾಧನ. ಅದುವರೆಗೆ ರೇಡಿಯೋ ಕೇಳುಗರ ಲೆಕ್ಕ ಇಡುತ್ತಿದ್ದ ಆರ್ಬಿಟ್ರಾನ್ ಸಂಸ್ಥೆ ಆಯ್ದ ಕೇಳುಗರಿಗೆ ಪುಟ್ಟ ದಿನಚರಿ ಪುಸ್ತಕ ಕೊಟ್ಟು, ಯಾವ ಕೇಂದ್ರವನ್ನು ಎಷ್ಟು ಹೊತ್ತು ಕೇಳಿದಿರೆಂದು ಬರೆಸಿಕೊಳ್ಳುತ್ತಿತ್ತು. ತನ್ನ ಮೆಚ್ಚಿನ ಕೇಂದ್ರದ ಮೇಲೆ ಅಭಿಮಾನವಿದ್ದವನು ಕಚೇರಿಯಲ್ಲಿ ಇಡೀ ದಿನ ಅದನ್ನೇ ಕೇಳಿದೆ ಎಂದು ಬರೆದುಬಿಡುವುದು ಸಹಜ. ದಿನಚರಿಯ ಜಾಗಕ್ಕೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರ್ ಗಾತ್ರದ ಮೀಟರ್ ಬಂದಿತು. ಪ್ರಸಾರದಲ್ಲಿ ಅಡಗಿಸಿಟ್ಟ, ಕಿವಿಗೆ ಕೇಳದ ಸಂಕೇತವನ್ನು ಅದು ತಾನೇ ಗುರುತಿಸಿಕೊಳ್ಳುತ್ತಿತ್ತು. ಜನ ನಿಜವಾಗಿ ಕೇಳಿದ ಹೊತ್ತು ಬರೆದಿದ್ದಕ್ಕಿಂತ ಕಡಮೆಯೆಂದು ಮೀಟರ್ ತೋರಿಸಿತು, ಜಾಹೀರಾತಿನ ದರ ಕುಸಿಯಿತು. ಆ ಸಂಕೇತ ಅಬ್ಬರದ ಧ್ವನಿಯಲ್ಲಿ ಸಲೀಸಾಗಿ ಅಡಗುವಂತೆ ಮೃದು ಸಂಗೀತದಲ್ಲಿ ಅಡಗುವುದಿಲ್ಲ, ಆದ್ದರಿಂದ ಮೀಟರೇ ಈ ಕೇಂದ್ರಗಳಿಗೆ ಅನ್ಯಾಯ ಮಾಡಿತು ಎಂಬ ವಾದವೂ ಆಮೇಲೆ ಹುಟ್ಟಿಕೊಂಡಿತು. ವಾದ ಸರಿಯಿದ್ದರೂ ಅಷ್ಟರಲ್ಲಿ ಕಾಲ ಮಿಂಚಿತ್ತು. ನ್ಯೂಯಾರ್ಕಿನ ಕೇಂದ್ರ 2008ರ ಫೆಬ್ರುವರಿಯಲ್ಲಿ ರಾಕ್ ಸಂಗೀತಕ್ಕೆ ಹೊರಳಿತು, ಷಿಕಾಗೊದ್ದು 2009ರ ಮೇ ತಿಂಗಳಲ್ಲಿ ನಿಂತಿತು, ಲಾಸ್ ಏಂಜಲೀಸ್‌ನ 'ದ ವೇವ್' ಹೆಸರನ್ನು ಉಳಿಸಿಕೊಂಡು ವಾದ್ಯಗಳನ್ನು ಕ್ರಮೇಣ ಬಿಟ್ಟು ಗಾಯಕರತ್ತ ಸರಿಯಿತು.

ಇನ್ನು ಸಂಪಾದನೆಯ ವಿಷಯ. ಮೊದಲನೆಯದಾಗಿ, ಈ ವಾದಕರಲ್ಲಿ ಹೆಚ್ಚಿನವರು ಬೇರೆಯವರಿಗೆ ಪಕ್ಕವಾದ್ಯ ನುಡಿಸಿಯೇ ಬೆಳೆದವರು. ಕೆನ್ನಿ ಜಿ ತಮ್ಮ ಹದಿನೇಳನೆಯ ವಯಸ್ಸಿನಲ್ಲಿ ಬ್ಯಾರಿ ವೈಟ್ ಅವರ ಲವ್ ಅನ್‌ಲಿಮಿಟೆಡ್ ಆರ್ಕೆಸ್ಟ್ರಾದಲ್ಲಿ ನುಡಿಸಿದರು. ಅನಂತರ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಶಾಸ್ತ್ರ ಓದಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು, ಜೆಫ್ ಲಾರ್ಬರ್ ಅವರ ತಂಡದಲ್ಲಿ ದುಡಿದರು. ಡೇವ್ ಕಾಝ್ ಗಾಯಕ ಬಾಬಿ ಕಾಲ್ಡ್‌ವೆಲ್ ಅವರ ತಂಡದಿಂದ ಬಂದವರು. ಬೋನಿ ಜೇಮ್ಸ್, ಮಾರಿಸ್ ಡೇ ಅವರ ತಂಡದಲ್ಲಿ ಕೀಬೋರ್ಡ್ ನುಡಿಸುತ್ತ ವೃತ್ತಿ ಆರಂಭಿಸಿ, 1992ರಲ್ಲಿ ತಮ್ಮ ಮೊದಲ ಆಲ್ಬಂ ತಂದರು. ಅದೇ ವರ್ಷ ವಿಟ್ನಿ ಹ್ಯೂಸ್ಟನ್ ಹಾಡಿ ಜಗತ್ತನ್ನೇ ಮರುಳುಮಾಡಿದ 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡಿನ ನಡುವೆ ಬರುವ ಸ್ಯಾಕ್ಸೊಫೋನ್ ಕರ್ಕ್ ವೇಲಂ ಅವರದು. ಆ ನುಡಿತವನ್ನು ಕೇಳದವರು ವಿರಳ, ನುಡಿಸಿದವರ ಹೆಸರು ಬಲ್ಲವರು ಅವರಿಗಿಂತ ವಿರಳ. ಹೀಗೆ ಪಕ್ಕವಾದ್ಯದ ಕಸುಬು ಕೈಯಲ್ಲಿರುವುದರಿಂದ ಸ್ವಂತ ಆಲ್ಬಂ ಸೋತರೂ ಈ ವಾದಕರು ಕಂಗಾಲಾಗಬೇಕಾದ ಪ್ರಸಂಗ ಬರುವುದು ಕಡಮೆ.

ಎರಡನೆಯದು, ಮತ್ತು ಇಂದಿನ ಮಟ್ಟಿಗೆ ಮುಖ್ಯವಾದದ್ದು, ವೇದಿಕೆ. ಈ ಸಂಗೀತದ ಕೇಳುಗರಲ್ಲಿ ನಡುವಯಸ್ಸು ದಾಟಿದವರು ಹೆಚ್ಚು. ಅವರಿಗೆ ಖರ್ಚು ಮಾಡುವ ಶಕ್ತಿಯೂ ಬಿಡುವೂ ಇದೆ, ತಮ್ಮ ಯೌವನದ ಸಂಗೀತದ ಮೇಲೆ ನಿಷ್ಠೆಯೂ ಇದೆ. ಪೆನ್ಸಿಲ್ವೇನಿಯಾದ ರೆಡಿಂಗ್ ಪಟ್ಟಣದಲ್ಲಿ 1991ರಿಂದ ನಡೆದು ಬಂದಿರುವ ಬರ್ಕ್ಸ್ ಜಾಝ್ ಉತ್ಸವದಂಥ ಕೂಟಗಳಿಗೆ ಅವರು ದೂರದಿಂದ ಬಂದು, ಹೋಟೆಲಿನಲ್ಲಿ ಉಳಿದುಕೊಂಡು ಕೇಳುತ್ತಾರೆ. ಇಲ್ಲಿನ ಖರ್ಚಿನ ಜಾಣ್ಮೆಯನ್ನೂ ಗಮನಿಸಬೇಕು. ಒಬ್ಬ ವಾದಕ ತನ್ನದೇ ಪೂರ್ಣ ತಂಡವನ್ನು ಊರೂರಿಗೆ ಕರೆದೊಯ್ದರೆ ಪ್ರಯಾಣ, ವಸತಿ, ಸಂಬಳದಲ್ಲೇ ಸಂಭಾವನೆ ಕರಗುತ್ತದೆ. ಆದ್ದರಿಂದ ಮೂವರು ನಾಲ್ವರು ಹೆಸರಾಂತ ವಾದಕರು ಒಂದೇ ಡ್ರಮ್ಸ್, ಒಂದೇ ಬೇಸ್ ಗಿಟಾರ್, ಒಂದೇ ಕೀಬೋರ್ಡಿನ ತಂಡವನ್ನು ಹಂಚಿಕೊಂಡು ಒಟ್ಟಿಗೆ ಪ್ರವಾಸ ಮಾಡುವ ಪದ್ಧತಿ ಇವರಲ್ಲಿ ಬೇರೂರಿದೆ. ಡೇವ್ ಕಾಝ್ 1997ರಲ್ಲಿ ಆರಂಭಿಸಿದ ಕ್ರಿಸ್‌ಮಸ್ ಪ್ರವಾಸದ ಹುರುಳೂ ಇದೇ: ಋತು ನಿಶ್ಚಿತ, ಹಾಡುಗಳು ಎಲ್ಲರಿಗೂ ಗೊತ್ತು, ಗೆಳೆಯರ ಹೆಸರುಗಳು ಸೇರಿ ಸಭಾಂಗಣ ತುಂಬುತ್ತದೆ.

ಇದೇ ತರ್ಕ ಸಮುದ್ರಕ್ಕಿಳಿದು ಸಂಗೀತ ವಿಹಾರ ನೌಕೆಯಾಯಿತು. ಕಾಝ್ ತಮ್ಮ ಹೆಸರಿನ ನೌಕಾಯಾನವನ್ನು 2005ರಲ್ಲಿ ಶುರುಮಾಡಿದರು. ಒಂದು ವಾರದ ಕಾಲ ಹಡಗಿನ ತುಂಬ ಒಂದೇ ಅಭಿರುಚಿಯ ಕೇಳುಗರು, ಸಂಜೆಗೊಂದು ಕಛೇರಿ, ಬೆಳಗಿನ ಉಪಾಹಾರದ ಸಾಲಿನಲ್ಲಿ ಪಕ್ಕದಲ್ಲೇ ನಿಂತ ವಾದಕ. ಹಡಗಿನ ಟಿಕೆಟ್ಟಿನ ಬೆಲೆಗೆ ಎಷ್ಟು ಸಿ.ಡಿ.ಗಳು ಬರುತ್ತಿದ್ದವೆಂದು ಯೋಚಿಸಿದರೆ, ನಿಷ್ಠಾವಂತರಾದ ಕೆಲವೇ ಸಾವಿರ ಮಂದಿ ಕೇಳುಗರು ಲಕ್ಷಾಂತರ ಅನಾಮಿಕ ಕೇಳುಗರಿಗಿಂತ ಏಕೆ ಹೆಚ್ಚಿನವರೆಂದು ತಿಳಿಯುತ್ತದೆ. ಇಲ್ಲಿ ವಾದಕ ಅರ್ಧ ಕಲಾವಿದ, ಅರ್ಧ ಆತಿಥೇಯ. ಕಲೆಯ ಗಾಂಭೀರ್ಯಕ್ಕೆ ಇದು ತಕ್ಕುದಲ್ಲವೆಂದು ಮೂಗು ಮುರಿಯುವವರಿದ್ದಾರೆ. ಅರಸರ ಆಶ್ರಯದಲ್ಲಿ ಬೆಳೆದ ಸಂಗೀತವನ್ನು ಪೂಜಿಸುವ ನಾವು ಹಾಗೆನ್ನಬೇಕಾಗಿಲ್ಲವೆಂದು ನನಗೆ ತೋರುತ್ತದೆ.

ಮೂರನೆಯ ಮೂಲ ಡಿಜಿಟಲ್ ರೇಡಿಯೋ. 1995ರ ಕಾನೂನೊಂದು ಡಿಜಿಟಲ್ ಪ್ರಸಾರಕ್ಕೆ ಮಾತ್ರ ವಾದಕರ ಹಕ್ಕನ್ನು ಒಪ್ಪಿಕೊಂಡಿತು. ಅದರಂತೆ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಉಪಗ್ರಹ ಹಾಗೂ ಇಂಟರ್‌ನೆಟ್ ರೇಡಿಯೋಗಳಿಂದ ಸಂಗ್ರಹಿಸುವ ಹಣದಲ್ಲಿ ಶೇ. 50 ಧ್ವನಿಮುದ್ರಿಕೆಯ ಒಡೆಯರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಪಕ್ಕವಾದ್ಯದವರ ನಿಧಿಗೆ ಹೋಗುತ್ತದೆ. ಮುಖ್ಯ ಕಲಾವಿದರ ಪಾಲು ನೇರವಾಗಿ ಅವರ ಕೈ ಸೇರುತ್ತದೆ, ಧ್ವನಿಮುದ್ರಣ ಕಂಪನಿ ಅವರಿಗೆ ಮುಂಗಡವಾಗಿ ಕೊಟ್ಟ ಹಣದ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಸಿರಿಯಸ್ ಎಕ್ಸ್.ಎಂ. ಉಪಗ್ರಹ ರೇಡಿಯೋದ 'ವಾಟರ್‌ಕಲರ್ಸ್' ವಾಹಿನಿ ಸ್ಮೂತ್ ಜಾಝ್‌ಗೇ ಮೀಸಲಾಗಿರುವುದು ಈ ದೃಷ್ಟಿಯಿಂದ ಮಹತ್ವದ ಸಂಗತಿ. ಎಫ್.ಎಂ. ಕೇಂದ್ರಗಳು ದಶಕಗಟ್ಟಲೆ ಕೊಡದ ಹಣವನ್ನು, ಅವುಗಳ ಜಾಗಕ್ಕೆ ಬಂದ ಮಾಧ್ಯಮ ಕೊಡುತ್ತಿರುವುದು ವಿಚಿತ್ರವಾದರೂ ನಿಜ. ಬೇಡಿದ ಹಾಡನ್ನು ಕೇಳಿಸುವ ಸ್ಟ್ರೀಮಿಂಗ್ ಸೇವೆಗಳ ಲೆಕ್ಕ ಬೇರೆ. ಅಲ್ಲಿ ಹಣ ಧ್ವನಿಮುದ್ರಿಕೆಯ ಒಡೆಯರ ಮೂಲಕ ಬರುವುದರಿಂದ, ತಮ್ಮ ಧ್ವನಿಮುದ್ರಿಕೆಗೆ ತಾವೇ ಒಡೆಯರಾಗಿ ಉಳಿದ ವಾದಕರಿಗೆ ಲಾಭ ಹೆಚ್ಚು. ಕಾಝ್ 2002ರಲ್ಲಿ ಸ್ವಂತ ಧ್ವನಿಮುದ್ರಣ ಸಂಸ್ಥೆಯೊಂದನ್ನು ಕಟ್ಟುವಲ್ಲಿ ಪಾಲುದಾರರಾದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬಹುದು.

ಕೆನ್ನಿ ಜಿ ಅವರನ್ನು ಮಾದರಿಯಾಗಿಟ್ಟುಕೊಂಡು ಈ ವೃತ್ತಿಯನ್ನು ಅಳೆಯುವುದು ತಪ್ಪಾದೀತು. 1992ರ ಅವರ 'ಬ್ರೆತ್‌ಲೆಸ್' ಅಮೆರಿಕವೊಂದರಲ್ಲೇ ಒಂದು ಕೋಟಿ ಇಪ್ಪತ್ತು ಲಕ್ಷ ಪ್ರತಿಗಳ ಮನ್ನಣೆ ಪಡೆದ ಆಲ್ಬಂ. ಬೇರೆ ಯಾವ ಸ್ಮೂತ್ ಜಾಝ್ ವಾದಕನೂ ಆ ಸಂಖ್ಯೆಯ ಹತ್ತಿರ ಸುಳಿದಿಲ್ಲ.

ಕೊನೆಗೆ ಉಳಿಯುವುದು ಹೊಸಬರ ಪಾಡು, ರೇಡಿಯೋ ಹೋದದ್ದರ ನಿಜವಾದ ಪೆಟ್ಟು ಬಿದ್ದಿರುವುದು ಅವರಿಗೇ. ನಾನು ಮೇಲೆ ಹೇಳಿದ ಉತ್ಸವಗಳೂ ಹಡಗುಗಳೂ ತುಂಬುವುದು 1990ರ ದಶಕದಲ್ಲಿ ಎಫ್.ಎಂ. ಕೇಂದ್ರಗಳು ಪ್ರಸಿದ್ಧಿಗೆ ತಂದ ಹೆಸರುಗಳಿಂದ. 1992ರಲ್ಲಿ ಹುಟ್ಟಿದ ವಿನ್ಸೆಂಟ್ ಇಂಗಾಲಾ ಅವರಂಥವರು ಹಲವು ವಾದ್ಯಗಳನ್ನು ತಾವೇ ನುಡಿಸಿ ಮುದ್ರಿಸಿಕೊಂಡು ಮೇಲೆ ಬಂದರು, ಅದರಿಂದ ಖರ್ಚು ಉಳಿಯಿತು. ಆದರೆ ಉಳಿದಿರುವ ಕೆಲವೇ ಕೇಂದ್ರಗಳ ಪ್ರಸಾರಪಟ್ಟಿಗೆ ಸೇರಲು ಹೊಸ ವಾದಕ ಪ್ರಚಾರಕರಿಗೆ ಕೈಯಿಂದ ಹಣ ತೆರಬೇಕು. ಬಿಲ್‌ಬೋರ್ಡಿನ ಸ್ಮೂತ್ ಜಾಝ್ ಪಟ್ಟಿಯಲ್ಲಿ ಹೆಸರು ಬಂದರೆ ಅದನ್ನು ಉತ್ಸವದ ಸಂಘಟಕರಿಗೆ ತೋರಿಸಿ ವೇದಿಕೆ ಕೇಳಬಹುದು. ಹೀಗೆ ರೇಡಿಯೋಗೆ ಅವನೇ ಖರ್ಚು ಮಾಡುತ್ತಾನೆ, ವೇದಿಕೆಯಿಂದ ಅದನ್ನು ಹಿಂಪಡೆಯಲು ನೋಡುತ್ತಾನೆ. ಮೊಬೈಲಿನಲ್ಲಿ 'ಸಂಜೆಯ ವಿಶ್ರಾಂತಿಗೆ' ಎಂಬಂಥ ಪಟ್ಟಿಯೊಳಗೆ ಅವನ ಸ್ಯಾಕ್ಸೊಫೋನ್ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತಿರಬಹುದು. ನುಡಿಸಿದವರು ಯಾರೆಂದು ಹೇಳುವ ಉದ್ಘೋಷಕ ಮಾತ್ರ ಅಲ್ಲಿಲ್ಲ.