ಹತ್ತಿ ಬಿತ್ತದ ವರ್ಷವೂ ಹತ್ತಿಯ ಸಹಾಯಧನ ಬರುತ್ತದೆಯೇ?

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನ ಹಳ್ಳಿಗಾಡಿನ ಕೌಂಟಿಗಳಲ್ಲಿ ಆ ವರ್ಷ ಹತ್ತಿ ಬೆಳೆಯದವರಿಗೂ ಹತ್ತಿಯ ಹೆಸರಿನಲ್ಲಿ ಸರ್ಕಾರದ ಹಣ ಸಿಗುತ್ತದಂತೆ. ನಿಜವೇ?

ನಿಜ. ಗೇನ್ಸ್ ಕೌಂಟಿಯಂತಹ ಹತ್ತಿ ಸೀಮೆಯಲ್ಲಿ ಬೆಲೆ ಕುಸಿತದ ಪರಿಹಾರವನ್ನು ಲೆಕ್ಕ ಹಾಕುವುದು ಈ ವರ್ಷದ ಬಿತ್ತನೆಯ ಮೇಲಲ್ಲ, ‘ಬೇಸ್ ಎಕರೆ’ಯ ಮೇಲೆ. ಹಿಂದೆ ಆ ಜಮೀನಿನಲ್ಲಿ ಬೆಳೆದ ಬೆಳೆಯ ಆಧಾರದಲ್ಲಿ ಕೃಷಿ ಇಲಾಖೆಯ ದಾಖಲೆಯಲ್ಲಿ ನಮೂದಾದ ವಿಸ್ತೀರ್ಣ ಅದು. ಇಂದು ಅಲ್ಲಿ ಜೋಳ ನಿಂತಿದ್ದರೂ ದಾಖಲೆ ಬದಲಾಗುವುದಿಲ್ಲ.

2018ರಲ್ಲಿ ಬೀಜ ಬಿಡಿಸದ ಹತ್ತಿಗೆ ಪೌಂಡಿಗೆ 36.7 ಸೆಂಟ್ ಆಧಾರ ಬೆಲೆ ನಿಗದಿಯಾಯಿತು. 2025ರ ಕಾಯ್ದೆ ಅದನ್ನು 42 ಸೆಂಟ್‌ಗೆ ಏರಿಸಿದೆ. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಇದಕ್ಕಿಂತ ಕೆಳಗಿಳಿದರೆ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡುತ್ತದೆ, ಅದೂ ಬೇಸ್ ಎಕರೆಯ ಶೇ 85ಕ್ಕೆ ಮಾತ್ರ. ಒಬ್ಬರಿಗೆ 100 ಬೇಸ್ ಎಕರೆ, ದಾಖಲೆಯಲ್ಲಿ ಎಕರೆಗೆ 2,000 ಪೌಂಡ್ ಇಳುವರಿ ಇದೆ ಎನ್ನೋಣ. ಬೆಲೆ 39 ಸೆಂಟ್‌ಗೆ ಬಿದ್ದರೆ ಪೌಂಡಿಗೆ 3 ಸೆಂಟ್‌ನಂತೆ 5,100 ಡಾಲರ್. ನಮ್ಮಲ್ಲಿ ಬೆಂಬಲ ಬೆಲೆಗೆ ಭಾರತೀಯ ಹತ್ತಿ ನಿಗಮ ಹತ್ತಿಯನ್ನೇ ಖರೀದಿಸುತ್ತದೆ. ಈ ಯೋಜನೆಯಲ್ಲಿ ಹಣ ಮಾತ್ರ ಕೈ ಬದಲಾಯಿಸುತ್ತದೆ.

ಇದರ ದೊಡ್ಡ ಕೊರತೆ 2022ರಲ್ಲಿ ಕಂಡಿತು. ಭೀಕರ ಬರಕ್ಕೆ ಟೆಕ್ಸಸ್‌ನಲ್ಲಿ ಬಿತ್ತಿದ ಹತ್ತಿಯ ಅರ್ಧಕ್ಕಿಂತ ಹೆಚ್ಚು ಕೊಯ್ಲಿಗೇ ಬರಲಿಲ್ಲ. ಆದರೆ ಬೆಲೆ ಮೇಲಿತ್ತು, ಹಾಗಾಗಿ ಈ ಯೋಜನೆಯಿಂದ ಏನೂ ಬರಲಿಲ್ಲ. ಕೈ ಹಿಡಿದದ್ದು ಬೆಳೆವಿಮೆ. ಅದರ ಕಂತಿನ ಬಹುಪಾಲನ್ನೂ ಸರ್ಕಾರವೇ ಭರಿಸುತ್ತದೆ.

ಅಮೆರಿಕದ ಹತ್ತಿ ಸಹಾಯಧನ ಹೊರಗಿನವರನ್ನೂ ಸುಟ್ಟಿದೆ. ಜಾಗತಿಕ ಬೆಲೆ ಕುಗ್ಗುತ್ತಿದೆ ಎಂದು ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆ ಹೋಗಿ ಗೆದ್ದಿತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿಗಳೂ 2003ರಲ್ಲಿ ದನಿ ಎತ್ತಿದವು. 2014ರ ಕಾಯ್ದೆ ಹತ್ತಿಯನ್ನು ಬೆಲೆ ಪರಿಹಾರದ ಪಟ್ಟಿಯಿಂದ ಕೈಬಿಟ್ಟಿತು. ಅದೇ ವರ್ಷ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಲಾಯಿತು. ನಾಲ್ಕೇ ವರ್ಷದಲ್ಲಿ ಹತ್ತಿ ‘ಬೀಜ ಬಿಡಿಸದ ಹತ್ತಿ’ಯಾಗಿ ಪಟ್ಟಿಗೆ ಮರಳಿತು. ಬ್ರೆಜಿಲ್‌ಗೆ ಪರಿಹಾರ ಸಿಕ್ಕಿತು, ಆಫ್ರಿಕಾದ ಬಡ ಬೆಳೆಗಾರರಿಗೆ ಅಂಥದ್ದೇನೂ ದಕ್ಕಲಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನು ಟೆಕ್ಸಸ್‌ನೊಳಗೆ ಹಣ ಯಾರಿಗೆ? ನಗದು ಗೇಣಿಯಾದರೆ ಉಳುವವರಿಗೆ, ಪಾಲಿನ ಗೇಣಿಯಾದರೆ ಇಬ್ಬರಿಗೂ. ಆದರೆ ಬೇಸ್ ಎಕರೆ ಜಮೀನಿಗೆ ಅಂಟಿಕೊಂಡಿರುವುದರಿಂದ ಮಾಲೀಕರು ಗೇಣಿ ಏರಿಸಿ ಅದರಲ್ಲಿ ಒಂದು ಪಾಲನ್ನು ಎಳೆದುಕೊಳ್ಳಬಲ್ಲರು. ಬೇಸ್ ಇಲ್ಲದ ಹೊಲವನ್ನು ಗೇಣಿಗೆ ಹಿಡಿದು ಹತ್ತಿ ಬೆಳೆದವರಿಗಂತೂ ಬೆಲೆ ಎಷ್ಟೇ ಕುಸಿದರೂ ಆ ಹೊಲದ ಲೆಕ್ಕದಲ್ಲಿ ಈ ಯೋಜನೆಯಿಂದ ಒಂದು ಡಾಲರೂ ಸಿಗುವುದಿಲ್ಲ. ಹೊಸ ಬೇಸ್ ಎಕರೆ ಸೇರಿಸಲು 2025ರ ಕಾಯ್ದೆ ಅವಕಾಶ ಕೊಟ್ಟಿದೆ, ಆದರೆ ದೇಶಕ್ಕೆಲ್ಲ ಸೇರಿ 3 ಕೋಟಿ ಎಕರೆಯ ಮಿತಿಯೊಳಗೆ.