ಉಂಗುರದಲ್ಲಿ ಓಡುವ ಸಾಲು ಮರಳಿ ಬರಲೇಬೇಕೇ?

ಪ್ರಶ್ನೆ: ಒಂದು ಆಯಾಮದ ಸೆಲ್ಯುಲಾರ್ ಆಟೊಮೇಟನ್ (ಸಾಲಾಗಿ ನಿಂತ ಮನೆಗಳೆಲ್ಲ ನೆರೆಮನೆಗಳನ್ನು ನೋಡಿ, ಒಂದೇ ನಿಯಮದಂತೆ, ಒಟ್ಟಿಗೆ ತಮ್ಮ ಅಂಕಿ ಬದಲಿಸುವ ವ್ಯವಸ್ಥೆ) ಸರ್ಜೆಕ್ಟಿವ್ ಆಗಿದೆ, ಅಂದರೆ ಎರಡೂ ಕಡೆ ಕೊನೆಯಿಲ್ಲದ ಪ್ರತಿಯೊಂದು ಸಾಲಿಗೂ ಅದರ ಹಿಂದಿನ ಸಾಲೊಂದು ಇದ್ದೇ ಇದೆ. ಮನೆಗಳನ್ನು ಉಂಗುರವಾಗಿ ಜೋಡಿಸಿದರೆ ಸಾಧ್ಯವಿರುವ ಸಾಲುಗಳು ಎಣಿಕೆಗೆ ಸಿಗುವಷ್ಟೇ. ಹಾಗಿದ್ದಮೇಲೆ ಎಲ್ಲ ಸಾಲೂ ಹೊರಟಲ್ಲಿಗೇ ಮರಳಬೇಕಲ್ಲವೇ?

ಉತ್ತರ: ಮರಳಬೇಕೆಂದಿಲ್ಲ. ಪೆನ್ಸಿಲ್ ಹಿಡಿದು ನೋಡಿ. ಪ್ರತಿ ಮನೆಯೂ ತನ್ನನ್ನೂ ಬಲಗಡೆಯ ಮನೆಯನ್ನೂ ಹೋಲಿಸುತ್ತದೆ. ಎರಡೂ ಒಂದೇ ಆದರೆ 0, ಬೇರೆಯಾದರೆ 1. ಮೂರು ಮನೆಯ ಉಂಗುರದಲ್ಲಿ 110 ಹಾಕಿದರೆ 011, ಆಮೇಲೆ 101, ಮತ್ತೆ 110. ಚೆಂದವಾಗಿ ಸುತ್ತುತ್ತದೆ. ಆದರೆ 111 ಹಾಕಿ: ಮರುಕ್ಷಣವೇ 000, ಅಲ್ಲಿಂದಾಚೆಗೆ ಬರೀ 000. ಸಾಲುಗಳು ಸೀಮಿತವಾಗಿರುವುದರಿಂದ ಕೊನೆಗೊಂದು ಸುತ್ತಿಗೆ ಬಿದ್ದೇ ಬೀಳುತ್ತೇವೆ, ನಿಜ. ಹೊರಟ ಸಾಲು ಆ ಸುತ್ತಿನೊಳಗೇ ಇರುತ್ತದೆ ಎಂಬ ಖಾತ್ರಿ ಮಾತ್ರ ಇಲ್ಲ.

ಸರ್ಜೆಕ್ಟಿವ್ ಗುಣ ಎಲ್ಲಿ ಹೋಯಿತು? ಕೊನೆಯಿಲ್ಲದ ಸಾಲಿನಲ್ಲಿ ಎಲ್ಲವೂ 1 ಆಗಿರುವುದಕ್ಕೆ ಹಿಂದಿನದು ಇದೆ: 0, 1, 0, 1 ಎಂದು ಹೋಗುವ ಸಾಲು. ಅದು ಮೂರು ಮನೆಯ ಉಂಗುರದಲ್ಲಿ ಕೂರುವುದಿಲ್ಲ, ಅಷ್ಟೇ.

ಹಾಗಾಗಿ ಗಣಿತಜ್ಞರು ಕೇಳುವುದು ಇನ್ನೊಂದನ್ನು: ಯಾವ ತುಣುಕು ಕೊಟ್ಟರೂ ಅದನ್ನು ಒಳಗೊಂಡು, ಹೊರಟಲ್ಲಿಗೇ ಮರಳುವ ಸಾಲೊಂದು ಸಿಗುತ್ತದೆಯೇ? ನಮ್ಮ ನಿಯಮದಲ್ಲಿ ಸಿಗುತ್ತದೆ. ಹಟಮಾರಿ 111ಕ್ಕೇ ಇನ್ನೆರಡು ಮನೆ ಸೇರಿಸಿ 11110 ಮಾಡಿ. ಅದು 00011, 00101, 01111 ಎಂದು ಸಾಗುತ್ತದೆ. ಮೂರೇ ಹೆಜ್ಜೆಗೆ ಅದೇ ಸಾಲು ಒಂದು ಮನೆ ಬಲಕ್ಕೆ ಸರಿದು ನಿಂತಿದೆ! ಐದು ಸಲ ಸರಿದರೆ, ಅಂದರೆ 15 ಹೆಜ್ಜೆಗೆ, ಮತ್ತೆ 11110. ಇದನ್ನು ಕೈಯಾರೆ ಬರೆದು ನೋಡುವ ಖುಷಿಯೇ ಬೇರೆ.

ಎಲ್ಲ ಸರ್ಜೆಕ್ಟಿವ್ ನಿಯಮಗಳಿಗೂ ಹೀಗೆಯೇ? ಮೈಕ್ ಬಾಯ್ಲ್ ಮತ್ತು ಬ್ರೂಸ್ ಕಿಚನ್ಸ್ 1999ರಲ್ಲಿ 'ಕ್ಲೋಸಿಂಗ್' ಎಂಬ ದೊಡ್ಡ ವರ್ಗಕ್ಕೆ (ಒಂದು ನಿರ್ದಿಷ್ಟ ಬದಿಯಲ್ಲಿ ಕೊನೆಯಿಲ್ಲದೆ ಒಂದೇ ಆಗಿದ್ದು ಉಳಿದೆಡೆ ಬೇರೆಯಾದ ಎರಡು ಸಾಲುಗಳು ಮುಂದಿನ ಹೆಜ್ಜೆಯಲ್ಲಿ ಎಂದೂ ಒಂದಾಗದ ನಿಯಮಗಳಿಗೆ) ಹೌದೆಂದು ಸಾಧಿಸಿದರು. ಗೊಂದಲಮಯವೆಂದು ಹೆಸರಾದ, ರೂಲ್ 30 ಎಂಬ ನಿಯಮ ಕೂಡ ಅದರಲ್ಲಿ ಬರುತ್ತದೆ. ಮರುವರ್ಷ ಬ್ಲಾಂಚಾರ್ ಮತ್ತು ಟಿಸ್ಸರ್ ಇನ್ನೊಂದು ವರ್ಗಕ್ಕೆ ತೋರಿಸಿದರು. ಅಲ್ಲಿ ಮಾಹಿತಿ ದಾಟಲಾಗದ ಗೋಡೆಯಂಥ ತುಣುಕುಗಳಿರುತ್ತವೆ. ಎಲ್ಲ ಸರ್ಜೆಕ್ಟಿವ್ ನಿಯಮಗಳನ್ನೂ ಒಳಗೊಳ್ಳುವ ಸಾಧನೆಯಾಗಲಿ, ಸೋಲುವ ಒಂದೇ ಒಂದು ನಿಯಮವಾಗಲಿ ಇದುವರೆಗೆ ಸಿಕ್ಕಿಲ್ಲ.